ಫ್ರಾಸ್ಟ್ ಎಂಬ ಶುಭಸಮಾಚಾರ

ಜಾವಳಿ: ಹೊರಡುವ ಮುಂಚೆ

ನಮ್ಮ ಜಾವಳಿ ಕಡೆಯ ಕಾಫಿ ಬೆಳೆಗಾರರು ಬೆಳಿಗ್ಗೆ ಎದ್ದು ಮೊದಲು ನೋಡುವುದು ದೇವರ ಫೋಟೋವನ್ನಲ್ಲ, ಮಳೆಮಾಪಕವನ್ನು. ಅಂಗಳದ ಕಂಬದ ಮೇಲೆ ಕೂತಿರುವ ಆ ಡಬ್ಬಿಯ ನೀರನ್ನು ಗಾಜಿನ ಕೊಳವೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಸೆಂಟಿನ ಲೆಕ್ಕದಲ್ಲಿ ಅಳೆದು, ಆಮೇಲೆ ಫೋನು ಹಿಡಿದು ಕೂರುತ್ತಾರೆ. ನೂರು ಸೆಂಟು ಸೇರಿದರೆ ಒಂದು ಇಂಚು. "ನಿಮ್ಮಲ್ಲಿ ಎಷ್ಟು?" ಎಂದು ಯಾರಾದರೂ ಕೇಳಿದರೆ ನಿನ್ನೆ ಎಷ್ಟು ಮಳೆ ಬಿತ್ತು ಎಂದು ಅರ್ಥ; ಹೊಸಬರು ಮಕ್ಕಳೆಷ್ಟು ಎಂದು ಹೇಳಿ ನಗೆಪಾಟಲಾಗುತ್ತಾರೆ. ಪಕ್ಕದ ತೋಟದ ಸಿದ್ದಪ್ಪಣ್ಣನವರಿಗೆ ಒಂದು ಇಂಚು ಬಂದು ನಮಗೆ ನಲವತ್ತು ಸೆಂಟು ಬಿದ್ದ ದಿನ ನಮ್ಮ ಯಜಮಾನರಿಗೆ ಕಡುಬು ಗಂಟಲಲ್ಲಿ ಇಳಿಯುವುದಿಲ್ಲ. ಮಳೆ ಬೀಳದ ದಿನವೂ ಅವರು ಆ ಡಬ್ಬಿಯನ್ನು ಬಗ್ಗಿಸಿ ನೋಡುತ್ತಾರೆ. ತಾವು ಮಲಗಿದ್ದಾಗ ಸದ್ದಿಲ್ಲದೆ ಬಂದು ಹೋಗಿದ್ದರೆ ಎಂಬ ಆಸೆ.

ಈ ವರ್ಷ ಮಾರ್ಚ್ ತಿಂಗಳಲ್ಲಿ ಹೂಮಳೆಯೇನೋ ಬಂತು. ರೊಬಸ್ಟಾ ಗಿಡಗಳೆಲ್ಲ ಬೆಳ್ಳಗೆ ಹೂಬಿಟ್ಟವು, ಊರಿಗೆ ಊರೇ ಘಮಘಮ ಎಂದಿತು, ಪ್ರವಾಸಿಗಳು ಬೇಲಿ ಹಾರಿ ಬಂದು ಗಿಡ ತಬ್ಬಿಕೊಂಡು ಫೋಟೋ ತೆಗೆಸಿಕೊಂಡರು. ಆದರೆ ಕಾಫಿಗೆ ಒಂದು ಮಳೆ ಸಾಲದು. ಹೂವು ಬಾಡಿದ ಮೇಲೆ ಕಚ್ಚಿದ ಮಿಡಿ ನಿಲ್ಲಬೇಕಾದರೆ ಎರಡು ಮೂರು ವಾರದೊಳಗೆ ಇನ್ನೊಂದು ಮಳೆ ಬೇಕು. ಅದಕ್ಕೆ ನಾವು ಬ್ಯಾಕಿಂಗ್ ಎನ್ನುತ್ತೇವೆ. ಅದು ಬರದಿದ್ದರೆ ಸ್ಪ್ರಿಂಕ್ಲರ್ ಹಾಕಿ ನಾವೇ ಮಳೆ ಸುರಿಸಬೇಕು. ನಮ್ಮ ಕೆರೆಯಲ್ಲಿ ಕೆಳಗಿನದು, ಗುಡ್ಡದ ಮೇಲಿನದು ಸೇರಿ ಇಡೀ ತೋಟಕ್ಕೆ ಒಂದು ಸುತ್ತು ಹೊಡೆಯುವಷ್ಟು ನೀರಿತ್ತು, ಅದೂ ಬಿಸಿಲಿಗೆ ದಿನದಿನಕ್ಕೆ ಇಳಿಯುತ್ತಿತ್ತು. ಇಂದು ಮೋಟರ್ ಹಾಕಿ ನಾಳೆಯೇ ಮಳೆ ಬಂದರೆ ನೀರು ದಂಡ, ಡೀಸೆಲ್ ದಂಡ, ಮೇಲೆ ಊರವರ ನಗೆ. ಹಾಕದೆ ಕೂತು ಮಳೆಯೂ ಕೈಕೊಟ್ಟರೆ ವರ್ಷದ ಬೆಳೆಯೇ ಹೋಯಿತು. ನಾನು ಹಾಕಿಬಿಡೋಣ ಎಂದೆ. ಯಜಮಾನರು ನಾಲ್ಕು ಜನರ ಅಭಿಪ್ರಾಯ ಕೇಳಿ ನೋಡೋಣ ಎಂದರು.

ಅಭಿಪ್ರಾಯಕ್ಕೆ ಮಾತ್ರ ನಮ್ಮ ಸೀಮೆಯಲ್ಲಿ ಎಂದೂ ಬರ ಬಂದದ್ದಿಲ್ಲ. ಮಳೆ ಕೆಟ್ಟಿರುವುದು ಮೊಬೈಲ್ ಟವರಿನಿಂದ ಎಂದು ಸಿದ್ದಪ್ಪಣ್ಣನವರು ಆ ಟವರಿನ ದಯೆಯಿಂದಲೇ ಫೋನಿನಲ್ಲಿ ವಿವರಿಸಿದರು. ಕಳಸದ ಬಸ್ಸಿನಲ್ಲಿ ಒಬ್ಬರು, ಕುದುರೆಮುಖದಲ್ಲಿ ಗಣಿ ಅಗೆದದ್ದೇ ಎಲ್ಲದಕ್ಕೂ ಮೂಲ ಎಂದರೆ, ಹಿಂದಿನ ಸೀಟಿನವರು, ಇಲ್ಲ, ಗಣಿ ನಿಲ್ಲಿಸಿದ್ದೇ ಮೂಲ, ಆ ಧೂಳಿಗೇ ಮೋಡ ಕಟ್ಟುತ್ತಿದ್ದದ್ದು ಎಂದರು. ಹೊರನಾಡಿಗೆ ಹೋಗಿ ಬಂದ ನಮ್ಮ ನಾದಿನಿಯ ಪ್ರಕಾರ ಜನ ದರ್ಶನಕ್ಕಿಂತ ಸೆಲ್ಫಿಗೆ ಬರುತ್ತಿರುವುದರಿಂದ ಅಮ್ಮನವರಿಗೆ ಬೇಸರವಾಗಿದೆ. ಹೋಮ್‌ಸ್ಟೇಯವರು ಮರ ಕಡಿದ ಎಸ್ಟೇಟಿನವರನ್ನು ಬೈಯುತ್ತಾರೆ, ಎಸ್ಟೇಟಿನವರು ಗುಡ್ಡ ಕಡಿದ ಹೋಮ್‌ಸ್ಟೇಯವರನ್ನು ಬೈಯುತ್ತಾರೆ, ಎರಡನ್ನೂ ನಡೆಸುವವರು ಯಾರನ್ನು ಬೈಯಬೇಕೆಂದು ತಿಳಿಯದೆ ಸರ್ಕಾರವನ್ನು ಬೈಯುತ್ತಾರೆ. ತಪ್ಪು ಬೇರೆಯವರದು ಎಂಬ ಒಂದು ವಿಷಯದಲ್ಲಿ ಮಾತ್ರ ಮೂಡಿಗೆರೆ ತಾಲ್ಲೂಕಿನಲ್ಲಿ ಪೂರ್ಣ ಒಮ್ಮತವಿದೆ.

ನಮ್ಮ ಯಜಮಾನರ ನಿಲುವು ಇನ್ನೂ ಸೊಗಸು. ಚಳಿಗಾಲದಲ್ಲಿ ಮಂಜು ಮೊದಲಿನಂತೆ ಇಳಿಯುವುದಿಲ್ಲ, ಟ್ರಂಕಿನಲ್ಲಿಟ್ಟ ಸ್ವೆಟರ್ ತೆಗೆಯುವ ಪ್ರಮೇಯವೇ ಬರುವುದಿಲ್ಲ, ಕೊಯ್ಲಿನ ಕಾಲದಲ್ಲಿ ಮಳೆ ಬಂದು ಕಣದಲ್ಲಿಟ್ಟ ಹಣ್ಣು ಕೊಳೆಯುತ್ತದೆ, ಮಳೆಗಾಲದ ಮಳೆ ಒಂದೇ ವಾರದಲ್ಲಿ ಸುರಿದು ಗುಡ್ಡವನ್ನೇ ರಸ್ತೆಗೆ ತರುತ್ತದೆ. ಇಷ್ಟನ್ನೂ ಅವರೇ ಹೇಳುತ್ತಾರೆ. ಹಾಗಾದರೆ ಹವಾಮಾನ ಬದಲಾಗಿದೆ ಅನ್ನಿ ಎಂದರೆ ಮಾತ್ರ, "ಅದೆಲ್ಲ ಪೇಪರಿನವರ ಮಾತು ಮಾರಾಯ್ತಿ" ಎಂದು ಟವೆಲ್ ಕೊಡವಿಕೊಂಡು ಏಳುತ್ತಾರೆ.

ಇಂಥ ಹೊತ್ತಿನಲ್ಲಿ ನನಗೆ ಜರ್ಮನಿಗೆ ಹೋಗುವ ಯೋಗ ಬಂತು. ನಮ್ಮದೊಂದು ಸಣ್ಣ ಬೆಳೆಗಾರರ ಸಂಘವಿದೆ. ನಮ್ಮ ಕಾಫಿಯನ್ನು ದಕ್ಷಿಣ ಜರ್ಮನಿಯ ಒಂದು ಊರಿನವರು ಕೊಂಡು ಹುರಿದು ಮಾರುತ್ತಾರೆ. ಅವರು ಹವಾಮಾನದ ಬಗ್ಗೆ ಸಂವಾದ ಇಟ್ಟುಕೊಂಡು, ಬೆಳೆಗಾರರೊಬ್ಬರನ್ನು ಕಳಿಸಿಕೊಡಿ ಎಂದು ಬರೆದರು. ಬ್ಯಾಕಿಂಗ್ ಸಮಯದಲ್ಲಿ ತೋಟ ಬಿಟ್ಟು ಹೊರಡಲು ಸಂಘದ ಗಂಡಸರು ಯಾರೂ ಒಪ್ಪಲಿಲ್ಲ. ಆದ್ದರಿಂದ ಮಹಿಳೆಯರಿಗೂ ಅವಕಾಶ ಕೊಡಬೇಕು ಎಂಬ ಉದಾತ್ತ ವಿಚಾರ ಅವರೆಲ್ಲರಿಗೂ ಒಟ್ಟಿಗೇ ಹೊಳೆಯಿತು. ಬಿರುಕು ಬಿಟ್ಟ ನೆಲದ ಫೋಟೋ ಇದ್ದರೆ ತನ್ನಿ ಎಂದು ಜರ್ಮನಿಯವರು ಸೂಚಿಸಿದ್ದರು. ನಮ್ಮ ನೆಲ ಬಿರುಕು ಬಿಡುವುದಿಲ್ಲ, ಕುಸಿಯುತ್ತದೆ. ಹಾಗೆಂದು ತಿಳಿಸಿದೆ, ಅದೂ ಆಗಬಹುದು ಎಂದು ಉತ್ತರ ಬಂತು.

ಫ್ರಾಸ್ಟ್ ಎಂಬ ಪದದ ಬಗ್ಗೆ ಇಲ್ಲೇ ಹೇಳಿಬಿಡಬೇಕು, ಇಲ್ಲವಾದರೆ ಮುಂದೆ ಆದ ಅನಾಹುತ ಅರ್ಥವಾಗುವುದಿಲ್ಲ. ಫ್ರಾಸ್ಟ್ ಎಂದರೆ ಗಿಡದ ಮೇಲೆ ಮಂಜು ಹೆಪ್ಪುಗಟ್ಟಿ ಬೀಳುವುದು. ನಮ್ಮ ತೋಟದಲ್ಲಿ ಯಾರೂ ಅದನ್ನು ಕಂಡವರಲ್ಲ. ಆದರೆ ಬ್ರೆಜಿಲ್‌ನಲ್ಲಿ ಅದು ಬಿದ್ದರೆ ಅಲ್ಲಿನ ಕಾಫಿ ಸುಟ್ಟುಹೋಗುತ್ತದೆ, ನಮ್ಮ ಕಾಫಿಯ ರೇಟು ಏರುತ್ತದೆ. ಇಂಗ್ಲಿಷಿನ ಗಂಧವಿಲ್ಲದ ನಮ್ಮ ಅತ್ತೆಗೂ ಈ ಒಂದು ಪದ ಬರುತ್ತಿತ್ತು. ಬ್ರೆಜಿಲ್ ಯಾವ ದಿಕ್ಕಿಗಿದೆ ಎಂದು ಅವರಿಗೆ ತಿಳಿಯದು. ಅಲ್ಲಿ ಫ್ರಾಸ್ಟ್ ಬಿತ್ತೆಂದರೆ ಹೋಳಿಗೆಗೆ ಬೇಳೆ ಬೇಯಲು ಇಡಬೇಕು ಎಂಬುದು ತಿಳಿದಿತ್ತು. ಹೊಸದಾಗಿ ಮದುವೆಯಾಗಿ ಬಂದ ನಾನು ಅದನ್ನು ಕ್ರೈಸ್ತರ ಯಾವುದೋ ಹಬ್ಬ ಎಂದುಕೊಂಡಿದ್ದೆ. ಈಗ ಹೋಳಿಗೆ ಬದಲು ನಮ್ಮ ಹೂಮಳೆ ಬಳಗ ಎಂಬ ವಾಟ್ಸ್ಆ್ಯಪ್ ಗುಂಪಿನಲ್ಲಿ ಲಾಡು, ಪಟಾಕಿಯ ಚಿತ್ರಗಳು ಸಾಲುಸಾಲಾಗಿ ಬರುತ್ತವೆ.

ಮೊದಲ ದಿನ: ಸೇಬಿನ ಊರು

ದೊಡ್ಡ ಸರೋವರವೊಂದರ ದಡದಲ್ಲಿರುವ ಆ ಊರಿನ ಹೆಸರನ್ನು ಉಚ್ಚರಿಸಲು ನಾನು ಕೊನೆಯವರೆಗೂ ಕಲಿಯಲಿಲ್ಲ. ಇಲ್ಲಿ ಬರೆದರೆ ನಿಮಗೂ ಅದೇ ಕಷ್ಟ, ಬಿಡಿ. ಸುತ್ತ ಎತ್ತ ನೋಡಿದರೂ ಸೇಬಿನ ತೋಟ. ಗಿಡಗಳು ನಮ್ಮ ಮೆಣಸಿನ ಬಳ್ಳಿಯ ಹಾಗೆ ತಂತಿಗೆ ಕಟ್ಟಿಸಿಕೊಂಡು ಸಾಲಾಗಿ ನಿಂತಿದ್ದವು. ಬೆಚ್ಚನೆಯ ಮಾರ್ಚ್‌ನಿಂದ ಮೋಸಹೋಗಿ ವಾರಗಳಷ್ಟು ಮುಂಚೆಯೇ ಮೊಗ್ಗು ಒಡೆದು, ನಸುಗೆಂಪು ಮಿಶ್ರಿತ ಬಿಳಿ ಹೂ ಬಿಟ್ಟಿದ್ದವು. ನನ್ನ ಕಣ್ಣಿಗೆ ಚಂದವೇ ಕಂಡಿತು.

ನಾನು ಉಳಿದುಕೊಂಡದ್ದು ಹೆಲ್ಗಾ ಎಂಬಾಕೆಯ ಮನೆಯಲ್ಲಿ. ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಿಯಾದವರು, ಕಾಫಿ ಹುರಿಯುವವರ ಬಳಗದ ಸದಸ್ಯೆ. ನನ್ನ ಹೆಸರು ಗಿರಿಜಾ. ಅವರ ಬಾಯಲ್ಲಿ ಅದು ಗಿರಿಯಾ ಆಯಿತು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರಬೇಕೆಂಬ ನಿಯಮ ಕೇಳಿ ನನಗೆ ತವರಿಗೆ ಬಂದಂತಾಯಿತು. ಅಡುಗೆಮನೆಯಲ್ಲಿ ಮಾತ್ರ ಸೋತೆ. ಅಲ್ಲಿ ನಾಲ್ಕು ಬಣ್ಣದ ಕಸದ ಡಬ್ಬಗಳು. ಬಾಳೆಹಣ್ಣಿನ ಸಿಪ್ಪೆಯನ್ನು ನಾನು ಹಾಕಿದ ಡಬ್ಬದಿಂದ ಹೆಲ್ಗಾ ಎರಡು ಬೆರಳಲ್ಲಿ ಎತ್ತಿ, ಸತ್ತ ಹಲ್ಲಿಯನ್ನು ಸಾಗಿಸುವಂತೆ ಸಾಗಿಸಿ, ಸರಿಯಾದ ಡಬ್ಬಕ್ಕೆ ಹಾಕಿದರು. ಆಮೇಲೆ ನಾನು ಅಲ್ಲಿರುವಷ್ಟು ದಿನ ಸಿಪ್ಪೆ ಇಲ್ಲದ ಪದಾರ್ಥಗಳನ್ನೇ ತಿಂದೆ.

ಹೆಲ್ಗಾಗೆ ಹವಾಮಾನ ಬದಲಾವಣೆಯ ಬಗ್ಗೆ ಅನುಮಾನವೇ ಇರಲಿಲ್ಲ. ಭೂಮಿಯ ಬಗ್ಗೆ ಮಾತಾಡುವಾಗ ಅವರ ಕಣ್ಣು ತುಂಬುತ್ತಿತ್ತು, ಅದು ನಾಟಕವೂ ಆಗಿರಲಿಲ್ಲ. ಮನೆಯೊಳಗೆ ಮಾತ್ರ ಹೀಟರಿನ ಕಾವಿಗೆ ನಾನು ಶಾಲು ತೆಗೆದಿಟ್ಟು, ನಮ್ಮೂರ ಏಪ್ರಿಲ್ ತಿಂಗಳಿನಂತೆ ಬೆವರುತ್ತಿದ್ದೆ. ಪ್ರತಿ ಚಳಿಗಾಲ ವಿಮಾನ ಹತ್ತಿ ಯಾವುದೋ ಬಿಸಿಲಿನ ದ್ವೀಪಕ್ಕೆ ಹೋಗುತ್ತಾರಂತೆ. ಅದಕ್ಕೆ ಪ್ರಾಯಶ್ಚಿತ್ತವಾಗಿ ಹಣ ಕಟ್ಟಿ ಗಿಡ ನೆಡಿಸುತ್ತಾರಂತೆ. ಎಲ್ಲಿ ನೆಡುತ್ತಾರೆ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, ನಿಮ್ಮ ಕಡೆಯೇ ಇರಬಹುದು ಎಂದರು. ನಮ್ಮೂರ ಗೋಮಾಳದಲ್ಲಿ ಯಾರೂ ಕೇಳದೆ ಎದ್ದು ನಿಂತ ಅಕೇಶಿಯಾ ಗಿಡಗಳು ನೆನಪಾಗಿ, ಅವು ಹೆಲ್ಗಾ ಅವರ ದ್ವೀಪ ಪ್ರವಾಸಗಳೇ ಇರಬಹುದೇ ಎಂದು ಮೊದಲ ಸಲ ಅವುಗಳ ಮೇಲೆ ಗೌರವ ಬಂತು.

ಸಂಜೆ ಅವರ ತಮ್ಮ ಕಾರ್ಲ್ ಬಂದ. ಪಕ್ಕದಲ್ಲೇ ಅವನ ಸೇಬಿನ ತೋಟ. ಎತ್ತರದ ಆಳು, ಮಣ್ಣು ಮೆತ್ತಿದ ಬೂಟು, ಇಂಗ್ಲಿಷ್ ಒಂದಕ್ಷರ ಬಾರದು. ನನಗೊಂದು ಬಾಟಲಿ ಸೇಬಿನ ರಸ ಕೊಟ್ಟು, ಫೋನು ತೆಗೆದು ಅಕ್ಕನಿಗೆ ಏನೋ ತೋರಿಸಿದ. ಹೆಲ್ಗಾ ನನ್ನತ್ತ ತಿರುಗಿ, ಗುರುವಾರ ರಾತ್ರಿ ಇಲ್ಲಿ ಫ್ರಾಸ್ಟ್ ಬೀಳುತ್ತದಂತೆ ಎಂದರು.

ನಾನು ನಲವತ್ತು ವರ್ಷ ಕಾಫಿ ತೋಟದಲ್ಲಿ ಬಾಳಿದವಳು. ಆ ಪದ ಕಿವಿಗೆ ಬಿದ್ದ ಕೂಡಲೇ ಮುಖ ತಾನಾಗಿ ಅರಳಿತು. ಎದ್ದು ನಿಂತು ಕಾರ್ಲನ ಕೈ ಕುಲುಕಿ ಅಭಿನಂದನೆ ಹೇಳಿ, ಇನ್ನು ರೇಟು ಚೆನ್ನಾಗಿ ಏರುತ್ತದೆ ಅಲ್ಲವೇ ಎಂದೆ. ಕಾರ್ಲ್ ನನ್ನ ಕೈಯನ್ನೂ ಮುಖವನ್ನೂ ನೋಡಿ, ಈಕೆ ಏನಂದಳು ಎಂದು ಅಕ್ಕನನ್ನು ಕೇಳಿದ. ಅಕ್ಕ ಬಹಳ ಚಿಕ್ಕದಾಗಿ ಏನೋ ಹೇಳಿದರು. ಅವನು ತಲೆಯಾಡಿಸಿ ಹೊರಟುಹೋದ. ನಾನು ಅವನಿಗೆ ಶುಭರಾತ್ರಿ ಹೇಳಿದೆ ಎಂದು ತಿಳಿಸಿದ್ದಾಗಿ ಹೆಲ್ಗಾ ಆಮೇಲೆ ಒಪ್ಪಿಕೊಂಡರು. ಹೊರಗೆ ಇನ್ನೂ ಬೆಳಕಿತ್ತು.

ಸೇಬಿನ ಹೂವಿನ ಮೇಲೆ ಫ್ರಾಸ್ಟ್ ಬಿದ್ದರೆ ಆ ವರ್ಷದ ಹಣ್ಣು ಅಲ್ಲಿಗೆ ಮುಗಿಯಿತು ಎಂದು ಅವರು ವಿವರಿಸಿದಾಗ, ನನಗೆ ಆ ಸೆಖೆಯ ಮನೆಯಲ್ಲೂ ಕೈಕಾಲು ತಣ್ಣಗಾದವು. ಅಷ್ಟು ನಾಚಿಕೆಯಾಯಿತು.

ಎರಡನೆಯ ದಿನ: ಕಾರ್ಲನ ತೋಟ

ಬೆಳಿಗ್ಗೆ ಎದ್ದವಳೇ ಮನೆಗೆ ಫೋನು ಮಾಡಿ ಎಷ್ಟು ಎಂದು ಕೇಳಿದೆ.

"ಕಳಸದಲ್ಲಿ ಮೂವತ್ತು ಸೆಂಟು ಬಂತಂತೆ. ನಮ್ಮಲ್ಲಿ ಮೋಡ ಉಂಟು" ಎಂದರು ಯಜಮಾನರು.

"ಮೋಡಕ್ಕೆ ಮಿಡಿ ನಿಲ್ತದಾ? ಮೋಟರ್ ಹಾಕಿ ಅಂದಿದ್ನಲ್ಲ."

"ಸಿದ್ದಪ್ಪಣ್ಣ ಯುಗಾದಿಗೆ ಖಂಡಿತ ಬರ್ತದೆ ಅಂತಿದಾರೆ. ಇನ್ನೊಂದಿಬ್ಬರನ್ನ ಕೇಳ್ತೇನೆ, ತಡಿ."

ಟವರ್ ಕೆಡಿಸಿದ ಮಳೆಯನ್ನು ಸಿದ್ದಪ್ಪಣ್ಣನವರು ಯುಗಾದಿಗೆ ಹೇಗೆ ರಿಪೇರಿ ಮಾಡಿಸುತ್ತಾರೆ ಎಂದು ಕೇಳುವಷ್ಟರಲ್ಲಿ ಫೋನು ಕಟ್ಟಾಯಿತು.

ನಿನ್ನೆಯ ಮಾತಿಗೆ ಏನಾದರೂ ಪರಿಹಾರ ಮಾಡಬೇಕೆಂದು ಹೆಲ್ಗಾರನ್ನು ಕರೆದುಕೊಂಡು ಕಾರ್ಲನ ತೋಟಕ್ಕೆ ಹೋದೆ. ಅವನು ಬಗ್ಗಿ ಕೂತು ಸ್ಪ್ರಿಂಕ್ಲರ್ ಜೆಟ್ಟುಗಳನ್ನು ಬಿಚ್ಚುತ್ತಿದ್ದ. ಆ ಜೆಟ್ಟುಗಳನ್ನು ನೋಡಿ ನನಗೆ ನೆಂಟರನ್ನು ಕಂಡಷ್ಟು ಸಂತೋಷವಾಯಿತು, ಹೆಚ್ಚುಕಡಿಮೆ ನಮ್ಮವೇ. ಒಂದರ ಬಾಯಿಗೆ ಕೆಸರು ಕಟ್ಟಿತ್ತು. ನಾನು ಸೆರಗಿನ ಪಿನ್ನು ತೆಗೆದು ಚುಚ್ಚಿ ಬಿಡಿಸಿಕೊಟ್ಟೆ. ಕಾರ್ಲ್ ಇನ್ನೊಂದು ಜೆಟ್ಟು ಮುಂದೆ ಹಿಡಿದ. ಹಾಗೆ ಬಹಳ ಹೊತ್ತು ಒಂದು ಮಾತೂ ಇಲ್ಲದೆ ಕೆಲಸ ನಡೆಯಿತು. ಹೆಲ್ಗಾ ಸುಮ್ಮನೆ ನಿಂತು ನಡುಗುತ್ತಿದ್ದರು.

ಫ್ರಾಸ್ಟ್ ಬೀಳುವ ರಾತ್ರಿ ಗಿಡಗಳ ಮೇಲೆ ನೀರು ಸಿಂಪಡಿಸುತ್ತಲೇ ಇರಬೇಕಂತೆ. ನೀರು ಹೂವಿನ ಮೇಲೆಯೇ ಹೆಪ್ಪುಗಟ್ಟುತ್ತದೆ, ಹೆಪ್ಪುಗಟ್ಟುವಾಗ ಒಳಗಿನ ಹೂವಿಗೆ ಒಂದಿಷ್ಟು ಕಾವು ಕೊಡುತ್ತದೆ. ನಡುವೆ ನಿಲ್ಲಿಸಿದರೆ ಎಲ್ಲ ಹೋಯಿತು. ಹೂ ಅರಳಿಸಲು, ಮಿಡಿ ನಿಲ್ಲಿಸಲು ನೀರು ಹೊಡೆಯುವವರು ನಾವು. ಹೂವನ್ನು ಐಸಿನೊಳಗೆ ಬಚ್ಚಿಡಲು ಹೊಡೆಯುವವರು ಇವರು. ಆದರೆ ಕಾರ್ಲನ ಹೊಂಡದ ನೀರು ಕೆಳಗಿನ ತೋಟಕ್ಕಷ್ಟೇ ಸಾಲುತ್ತಿತ್ತು. ಗುಡ್ಡದ ಮೇಲಿನ ತೋಟಕ್ಕೆ ಪೈಪೂ ಇರಲಿಲ್ಲ, ನೀರೂ ಇರಲಿಲ್ಲ.

ಹವಾಮಾನ ಬದಲಾಗಿದೆಯೇ ಎಂದು ಕೇಳಿದೆ. ಕಾರ್ಲ್ ಕೆಲಸ ನಿಲ್ಲಿಸಿ, ಕೈ ಬೀಸಿ, ಬಹಳ ಹೊತ್ತು ಏರುದನಿಯಲ್ಲಿ ಮಾತಾಡಿದ. ಹೆಲ್ಗಾ ಅದನ್ನೆಲ್ಲ, "ಇಲ್ಲ ಅನ್ನುತ್ತಾನೆ" ಎಂಬ ಎರಡು ಪದಕ್ಕೆ ಇಳಿಸಿದರು. ನಾನು ಬಿಡಲಿಲ್ಲ. ಹೂವು ನಿಮ್ಮ ತಂದೆಯ ಕಾಲದಲ್ಲೂ ಇಷ್ಟು ಬೇಗ ಬರುತ್ತಿತ್ತೇ? ಇಲ್ಲ. ಹಿಂದೆಯೂ ಆಲಿಕಲ್ಲು ತಡೆಯಲು ಗಿಡಗಳ ಮೇಲೆ ಹೀಗೆ ಬಲೆ ಕಟ್ಟುತ್ತಿದ್ದರೇ? ಇಲ್ಲ. ಸರೋವರ ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆಯೇ? ಅಜ್ಜ ಅದರ ಮೇಲೆ ನಡೆದಿದ್ದನಂತೆ, ತಾನು ಕಂಡಿಲ್ಲ. ಹಾಗಾದರೆ ಬದಲಾಗಿದೆಯಲ್ಲ? ಅದು ಬೇರೆ ವಿಷಯ ಎಂದ ಕಾರ್ಲ್. ಅವನು ಹೆಗಲ ಮೇಲಿನ ಬಟ್ಟೆ ಕೊಡವಿದ ರೀತಿಗೆ, ನಮ್ಮ ಯಜಮಾನರೇ ಬೂಟು ಹಾಕಿಕೊಂಡು ಎದುರಿಗೆ ನಿಂತಂತೆ ಕಂಡಿತು.

ಗುರುವಾರ: ಹಗ್ಗ

ಸಂವಾದ ನಡೆದದ್ದು ಕಾಫಿ ಹುರಿಯುವ ಶೆಡ್ಡಿನಲ್ಲಿ. ಊರಿನ ಗಣ್ಯರೆಲ್ಲ ಬಂದಿದ್ದರು. ನಾನು ಇಲ್ಲಿಗೆ ಹೇಗೆ ಬಂದೆ ಎಂದು ಸೈಕಲ್ಲಿನಲ್ಲಿ ಬಂದ ಒಬ್ಬ ಮಹಾಶಯರು ಕೇಳಿದರು. ವಿಮಾನದಲ್ಲಿ ಎಂದೆ. ಅವರು ನೋವಿನಿಂದ ಕಣ್ಣು ಮುಚ್ಚಿದರು. ಜಾವಳಿಯಿಂದ ಸೈಕಲ್ ತುಳಿದು ಬಂದಿದ್ದರೆ ಕಾಫಿ ಹಣ್ಣಾಗುವ ಹೊತ್ತಿಗೆ ತಲುಪುತ್ತಿದ್ದೆ ಎಂದು ಹೇಳೋಣವೆನಿಸಿತು, ಅತಿಥಿಯಾದ್ದರಿಂದ ಸುಮ್ಮನಾದೆ.

ನನ್ನ ಭಾಷಣ ಅವರಿಗೆ ನಿರಾಸೆ ತಂದಿತು ಎಂದೇ ಕಾಣುತ್ತದೆ. ಗುಡ್ಡ ಕುಸಿದದ್ದು, ಮಳೆ ಲಯ ತಪ್ಪಿದ್ದು ಹೇಳುವವರೆಗೆ ಎಲ್ಲರೂ ಮರುಗುತ್ತ ಬರೆದುಕೊಂಡರು. ಕಳೆದ ವರ್ಷ ಬೇರೆ ದೇಶಗಳ ಬೆಳೆ ಹಾಳಾದ್ದರಿಂದ ನಮ್ಮೂರಿನಲ್ಲಿ ಬಹಳ ಜನ ಹೊಸ ಜೀಪು ತೆಗೆದುಕೊಂಡರು ಎಂದಾಗ ಬರೆಯುವ ಕೈಗಳು ನಿಂತವು. ಸಂತ್ರಸ್ತರು ಜೀಪು ಕೊಳ್ಳುತ್ತಾರೆ ಎಂಬುದು ಅವರ ಕಾರ್ಯಕ್ರಮ ಪಟ್ಟಿಯಲ್ಲಿ ಇರಲಿಲ್ಲ.

ಆಮೇಲೆ ಒಂದು ಆಟ. ನೆಲದ ಮೇಲೆ ಉದ್ದಕ್ಕೆ ಹಗ್ಗ ಹಾಸಿದರು. ಹವಾಮಾನದ ಬಗ್ಗೆ ತುಂಬಾ ಆತಂಕವಿರುವವರು ಆ ತುದಿಗೆ, ಏನೇನೂ ಇಲ್ಲದವರು ಈ ತುದಿಗೆ, ಉಳಿದವರು ತಮ್ಮ ಆತಂಕಕ್ಕೆ ತಕ್ಕಂತೆ ನಡುವೆ ನಿಲ್ಲಬೇಕು. ಸಾರ್ವಜನಿಕ ಅಭಿಪ್ರಾಯ ಕಣ್ಣಿಗೇ ಕಾಣಲಿ ಎಂಬ ಉದ್ದೇಶವಂತೆ. ಹೇಳಿ ಮುಗಿಸುವಷ್ಟರಲ್ಲಿ ಇಡೀ ಸಭೆ ಆತಂಕದ ತುದಿಗೆ ನುಗ್ಗಿತು. ಹಬ್ಬದ ಹಿಂದಿನ ದಿನ ಮೂಡಿಗೆರೆ ಬಸ್ಸಿಗೆ ನುಗ್ಗುವ ಹಾಗೆ ಒಬ್ಬರ ಕಾಲು ಒಬ್ಬರು ತುಳಿದರು. ಸೈಕಲ್ ಮಹಾಶಯರು ಹಗ್ಗವೇ ಮುಗಿದ ಮೇಲೂ ಇನ್ನೆರಡು ಹೆಜ್ಜೆ ಮುಂದೆ ಹೋಗಿ ಗೋಡೆಗೆ ಒತ್ತಿ ನಿಂತರು. ಈ ತುದಿಯಲ್ಲಿ ಕಾರ್ಲ್ ಒಬ್ಬನೇ, ಎರಡೂ ಕೈ ಜೇಬಿನಲ್ಲಿಟ್ಟುಕೊಂಡು ನಿಂತಿದ್ದ. ಹೆಲ್ಗಾ ದೂರದಿಂದ ತಮ್ಮನನ್ನು ನೋಡಿ ತಲೆ ತಗ್ಗಿಸಿದರು.

ನಾನು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಹಗ್ಗದ ನಡುವೆ ನಿಂತಾಗ ಚೀಲದೊಳಗೆ ಫೋನು ಹೊಡೆದುಕೊಂಡಿತು. ಯಜಮಾನರು. ಕೊಟ್ಟಿಗೆಹಾರದಲ್ಲಿ ಅರ್ಧ ಇಂಚು ಬಿತ್ತಂತೆ, ನಮ್ಮಲ್ಲಿ ಗುಡುಗಿ ಹೋಯಿತಂತೆ, ಮೂರು ಜನ ಹಾಕು ಅಂತಾರಂತೆ, ನಾಲ್ಕು ಜನ ಬೇಡ ಅಂತಾರಂತೆ. ಮೇಲಿನ ತೋಟದಲ್ಲಿ ಮಿಡಿ ಬಾಡಿದ ಹಾಗೆ ಕಾಣುತ್ತದೆ ಎಂದು ಕೊನೆಗೆ ಸಣ್ಣ ದನಿಯಲ್ಲಿ ಸೇರಿಸಿದರು. ಆತಂಕದ ತುದಿಯಲ್ಲಿ ಇಷ್ಟೊಂದು ಜನ ನಿಂತಿದ್ದರೂ ನನ್ನ ಆತಂಕ ಯಾರಿಗೂ ಬೇಕಾಗಿರಲಿಲ್ಲ. ಅವರು ಹಗ್ಗ ಸುತ್ತಿಟ್ಟು, ಇಂಥ ಒಮ್ಮತ ಅಪರೂಪ ಎಂದು ಚಪ್ಪಾಳೆ ತಟ್ಟಿ, ಚೀಸ್ ತಿನ್ನಲು ಹೋದರು.

ಬಾಗಿಲ ಬಳಿ ತೂಗುಹಾಕಿದ್ದ ಥರ್ಮಾಮೀಟರನ್ನು ನೋಡಿದವನು ಕಾರ್ಲ್ ಒಬ್ಬನೇ. ಯಾರಿಗೂ ಹೇಳದೆ ಟೋಪಿ ಹಾಕಿಕೊಂಡು ತೋಟಕ್ಕೆ ಹೊರಟ.

ಶುಕ್ರವಾರ: ಗಾಜಿನ ತೋಟ

ಬೆಳಗಾದ ಮೇಲೆ ಕಿಟಕಿಯ ಪರದೆ ಸರಿಸಿದೆ. ಎದುರಿಗೆ ಕಾರ್ಲನ ತೋಟವಿಡೀ ಗಾಜಾಗಿತ್ತು. ಕೊಂಬೆ, ಎಲೆ, ಹೂವು, ತಂತಿ, ಕಂಬ ಎಲ್ಲದರ ಮೇಲೂ ಐಸು. ಒಂದೊಂದು ಹೂವೂ ಒಳಗೆ ಕೆಂಪುಬಿಳುಪಾಗಿ ಹಾಗೇ ಕೂತಿತ್ತು. ಮೇಲೆ ಜೆಟ್ಟುಗಳು ತಿರುಗುತ್ತಲೇ ಇದ್ದವು, ಬಿಸಿಲು ಬಿದ್ದು ಎಲ್ಲವೂ ಹೊಳೆಯುತ್ತಿತ್ತು. ಇಷ್ಟು ಚಂದದ್ದನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಇದೇನಾ ಅತ್ತೆಯ ಹೋಳಿಗೆಯ ಫ್ರಾಸ್ಟ್ ಎಂದುಕೊಂಡು ಹೆಲ್ಗಾ ಅವರ ದೊಡ್ಡ ಕೋಟು ಹಾಕಿಕೊಂಡು ಓಡಿದೆ. ಹಿಂದೆಯೇ ಅವರೂ ಬಂದರು.

ಕಾರ್ಲ್ ಕೆಳಗಿನ ತೋಟದಲ್ಲಿರಲಿಲ್ಲ. ಗುಡ್ಡದ ಮೇಲಿನ ತೋಟದಲ್ಲಿ ಒಬ್ಬನೇ ನಿಂತಿದ್ದ. ಇಡೀ ರಾತ್ರಿ ಮಲಗಿದವನಲ್ಲ ಎಂದು ಮುಖವೇ ಹೇಳುತ್ತಿತ್ತು. ಅಲ್ಲಿ ಐಸಿರಲಿಲ್ಲ, ಗಾಜಿರಲಿಲ್ಲ. ಹೂಗಳು ಹೊರಗಿನಿಂದ ನಿನ್ನೆಯಂತೆಯೇ ಇದ್ದವು. ಇವು ಚೆನ್ನಾಗಿವೆಯಲ್ಲ ಎಂದು ಹೆಲ್ಗಾರ ಮೂಲಕ ಕೇಳಿದೆ. ಅವನು ಒಂದು ಹೂ ಕಿತ್ತು, ಹೆಬ್ಬೆರಳಿನ ಉಗುರಿನಿಂದ ಸೀಳಿ, ನನ್ನ ಅಂಗೈಗೆ ಹಾಕಿದ. ನಡುವೆ, ಕಾಯಿ ಕಟ್ಟಬೇಕಾದ ಜಾಗದಲ್ಲಿ, ಕಪ್ಪಗೆ ಸುಟ್ಟಿತ್ತು. ಇನ್ನೊಂದು ಸೀಳಿದ. ಅದೂ ಕಪ್ಪು.

ನಾವೂ ಹಾಗೇ ಮಾಡುತ್ತೇವೆ. ಬ್ಯಾಕಿಂಗ್ ಬರದ ವರ್ಷ ಮಿಡಿಯನ್ನು ಉಗುರಿನಿಂದ ಚಿವುಟಿ ಒಳಗೆ ಹಸಿರಿದೆಯೇ ಎಂದು ನೋಡುತ್ತೇವೆ. ಒಂದು ಒಣಗಿದ್ದರೆ ಇನ್ನೊಂದು ಚಿವುಟುತ್ತೇವೆ, ಅದಾದರೂ ಸುಳ್ಳು ಹೇಳಲಿ ಎಂದು. ನನಗೆ ಅಳು ಬಂತು. ಅಲ್ಲೇ ನಿಂತು ಅತ್ತೆ. ಮೊದಲ ಸಂಜೆ ನಾನು ನಿಜವಾಗಿ ಏನು ಹೇಳಿದ್ದೆ, ಯಾಕೆ ಹೇಳಿದ್ದೆ, ನಮ್ಮ ಮನೆಯ ಹೋಳಿಗೆಯ ಕಥೆ ಏನು ಎಂಬುದನ್ನೆಲ್ಲ ಹೆಲ್ಗಾಗೆ ಹೇಳಿ, ಒಂದು ಅಕ್ಷರ ಬಿಡದೆ ಕಾರ್ಲನಿಗೆ ಹೇಳಿ ಎಂದೆ. ಅವರು ಹಿಂಜರಿದು ಹಿಂಜರಿದು ಹೇಳಿದರು.

ಕಾರ್ಲ್ ಕೇಳುತ್ತ, ಕೈಯಲ್ಲಿ ಉಳಿದಿದ್ದ ಹೂವನ್ನು ಕೆಳಗೆ ಹಾಕಿ ಉಗುರು ಒರೆಸಿಕೊಂಡ. ಆಮೇಲೆ ನಕ್ಕ. ಪೋಲೆಂಡಿನಲ್ಲಿ ಸೇಬಿನ ಹೂವು ಸುಟ್ಟ ಸುದ್ದಿ ಬಂದರೆ ಅವನ ಅಪ್ಪ ಒಳ್ಳೆಯ ವೈನ್ ಬಾಟಲಿಯೊಂದನ್ನು ತೆರೆಯುತ್ತಿದ್ದನಂತೆ, ಇವನೂ ತೆರೆದದ್ದುಂಟಂತೆ. ನಗು ನಿಂತ ಮೇಲೆ ಅವನು ಅಂದದ್ದನ್ನು ಹೆಲ್ಗಾ ಈ ಸಲ ಕತ್ತರಿಸದೆ ಹೇಳಿದರು:

"ಇವತ್ತು ಪೋಲೆಂಡಿನಲ್ಲಿ ಯಾರೋ ಬಾಟಲಿ ತೆರೆಯುತ್ತಿರಬೇಕು. ಹಗ್ಗದ ಯಾವ ತುದಿಯಲ್ಲಿ ನಿಂತಿದ್ದೆ ಎಂದು ಫ್ರಾಸ್ಟ್ ನನ್ನನ್ನು ಕೇಳಲಿಲ್ಲ. ನೀರಿತ್ತೋ ಇಲ್ಲವೋ, ಅಷ್ಟೇ ನೋಡಿತು."

ಕೂಡಲೇ ಅಲ್ಲಿಂದಲೇ ಮನೆಗೆ ಫೋನು ಮಾಡಿದೆ. ಚಳಿಗೆ ಬೆರಳು ಒತ್ತಲು ಬರುತ್ತಿರಲಿಲ್ಲ.

"ರೀ, ಇನ್ನು ಯಾರನ್ನೂ ಕೇಳ್ಬೇಡಿ. ಈಗ್ಲೇ ಹೋಗಿ ಮೋಟರ್ ಹಾಕಿ."

"ಎಂತ ಆಯ್ತು ಮಾರಾಯ್ತಿ? ದನಿ ಯಾಕೆ ಹಿಂಗುಂಟು?"

"ಇಲ್ಲಿ ಫ್ರಾಸ್ಟ್ ಬಿದ್ದದೆ."

"ಹೌದಾ!" ಎಂದರು, ಖುಷಿಯಿಂದ. "ಕಾಫಿಗಾ?"

"ಸೇಬಿಗೆ."

"ಓ. ಹಂಗಾದ್ರೆ ಸೇಬಿನ ರೇಟು ಏರ್ತದೆ ಬಿಡು."

ನನಗೆ ಬೈಯಲು ಬಾಯಿ ಬರಲಿಲ್ಲ; ಅದು ನನ್ನದೇ ಮಾತಾಗಿತ್ತು. ಮೋಟರ್ ಹಾಕಿ ಎಂದು ಇನ್ನೊಮ್ಮೆ ಹೇಳಿದೆ. ನನ್ನ ದನಿಯಲ್ಲಿ ಏನಿತ್ತೋ, ಮೊದಲ ಸಲ ಅವರು ಸಿದ್ದಪ್ಪಣ್ಣನವರ ಹೆಸರು ಎತ್ತದೆ ಹೂಂ ಎಂದರು.

ಮತ್ತೆ ಜಾವಳಿ

ಮೋಟರ್ ಓಡಿತು. ನಾನು ಬಂದು ನೋಡುವ ಹೊತ್ತಿಗೆ ಕೆರೆಯ ತಳದ ಕೆಸರು ಕಾಣುತ್ತಿತ್ತು. ಕೆಳಗಿನ ತೋಟದಲ್ಲಿ ಮಿಡಿ ಹಸಿರಾಗಿ ನಿಂತಿತ್ತು. ಮೇಲಿನ ತೋಟಕ್ಕೆ ಪೈಪು ಎಳೆಯುವಷ್ಟರಲ್ಲಿ ನೀರು ಮುಗಿದಿತ್ತು. ನಾನು ಹೊರಟ ದಿನವೇ ಹಾಕಿದ್ದರೆ ಎರಡಕ್ಕೂ ಸಾಲುತ್ತಿತ್ತು. ಅಭಿಪ್ರಾಯ ಸಂಗ್ರಹ ಮುಗಿಯುವಷ್ಟರಲ್ಲಿ ಬಿಸಿಲು ತನ್ನ ಪಾಲನ್ನು ಕುಡಿದು ಹೋಗಿತ್ತು. ಯುಗಾದಿಗೆ ಮಳೆ ಬರಲಿಲ್ಲ. ಬಂದಾಗ ಮೇಲಿನ ತೋಟಕ್ಕೆ ಅದರ ಅಗತ್ಯವೇ ಉಳಿದಿರಲಿಲ್ಲ. ಯಜಮಾನರು ದಿನಾ ಸಂಜೆ ಆ ತೋಟಕ್ಕೆ ಹೋಗಿ, ಒಂದೊಂದೇ ಮಿಡಿ ಚಿವುಟಿ ನೋಡಿ, ಬಂದು ಕೈ ತೊಳೆಯುತ್ತಿದ್ದರು. ಹೆಂಡತಿ ಜರ್ಮನಿಯಿಂದ ಮೋಟರ್ ಹಾಕಿಸಿದಳಂತೆ ಎಂದು ಗುಂಪಿನಲ್ಲಿ ಗೇಲಿ ನಡೆದಾಗಲೂ ಅವರು ತಿರುಗಿ ಏನೂ ಬರೆಯಲಿಲ್ಲ. ನಾನೂ ಹಂಗಿಸಲು ಹೋಗಲಿಲ್ಲ. ಹಂಗಿಸಬೇಕೆಂದು ವಿಮಾನದಲ್ಲಿ ಒಂದಿಷ್ಟು ಮಾತು ಜೋಡಿಸಿಕೊಂಡು ಬಂದಿದ್ದೆ, ಮಿಡಿ ಚಿವುಟುತ್ತಿದ್ದ ಅವರ ಬೆರಳುಗಳನ್ನು ನೋಡಿದ ಮೇಲೆ ಅವು ಉಪಯೋಗಕ್ಕೆ ಬರಲಿಲ್ಲ.

ಮಳೆಗಾಲದಲ್ಲಿ ಒಂದು ಬೆಳಿಗ್ಗೆ ನಾವಿಬ್ಬರೂ ಕಾಫಿ ಕುಡಿಯುತ್ತ ಕೂತಿದ್ದಾಗ ಇಬ್ಬರ ಫೋನೂ ಒಟ್ಟಿಗೆ ಟಣ್ ಎಂದವು. ಹೂಮಳೆ ಬಳಗ. ಬ್ರೆಜಿಲ್‌ನಲ್ಲಿ ಫ್ರಾಸ್ಟ್ ಎಂದು ಸಿದ್ದಪ್ಪಣ್ಣನವರು ಹಾಕಿದ್ದರು. ಕೆಳಗೆ ಲಾಡು, ಪಟಾಕಿ, ಕುಣಿಯುವ ಗೊಂಬೆ. ನಿಜ ಹೇಳುತ್ತೇನೆ, ಜರ್ಮನಿಯಲ್ಲಿ ಅಷ್ಟು ಅತ್ತು ಬಂದ ನನ್ನ ಮುಖವೂ ಒಂದು ಕ್ಷಣ ಅರಳಿತು. ಕೆಳಗಿನ ತೋಟದ ಬೆಳೆಗೆ ಒಳ್ಳೆಯ ರೇಟು ಬಂದರೆ ಮೇಲಿನದರ ನಷ್ಟ ತುಂಬುತ್ತದೆ ಎಂದು ಮನಸ್ಸು ನನ್ನನ್ನು ಕೇಳದೆ ಲೆಕ್ಕ ಹಾಕಿಬಿಟ್ಟಿತು. ಆಮೇಲೆ ಅಂಗೈಯಲ್ಲಿ ಸೀಳಿ ಬಿದ್ದಿದ್ದ ಆ ಹೂವು ನೆನಪಾಯಿತು. ಗುಂಪಿನಲ್ಲಿ ಬರೆದೆ: ಪಾಪ, ಅವರಿಗೆ ನೀರಿತ್ತಾ?

ಲಾಡು ಪಟಾಕಿ ನಿಂತವು. ಸ್ವಲ್ಪ ಹೊತ್ತಿನ ಮೇಲೆ ಕಳಸದವರೊಬ್ಬರು ತಮ್ಮಲ್ಲಿ ರಾತ್ರಿ ಎರಡು ಇಂಚು ಎಂದು ಹಾಕಿದರು. ಎಲ್ಲರಿಗೂ ನಿರಾಳವಾಗಿ ಮತ್ತೆ ಇಂಚು ಸೆಂಟುಗಳು ಬರತೊಡಗಿದವು.

ಯಜಮಾನರ ಹೆಬ್ಬೆರಳು ಮಾತ್ರ ನನ್ನ ಪ್ರಶ್ನೆಯ ಮೇಲೆ ಹಾಗೇ ನಿಂತಿತ್ತು. ಫೋನನ್ನು ಕವುಚಿಟ್ಟು, ತಣ್ಣಗಾದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, ನನ್ನ ಮುಖ ನೋಡದೆ ಹೇಳಿದರು:

"ಇರ್ಲಿಕ್ಕಿಲ್ಲ ಮಾರಾಯ್ತಿ. ಅವರದ್ದೂ ಮೇಲಿನ ತೋಟ ಇರ್ಬೇಕು."